ಒಲೆ, ಎಲೆ, ಅಂಗಳ: ಭಟ್ಕಳ, ಹೊನ್ನಾವರ, ಕುಮಟೆಗಳ ಕೂಡುವಸತಿಯ ಕುರಿತು ಒಂದು ವಿಮರ್ಶೆ

ಚಿಕ್ಕ ಜಾಗದಲ್ಲಿ ಹಲವು ಕುಟುಂಬಗಳು ಒತ್ತಾಗಿ ನೆಲಸಿ, ಊಟದ ಹೊತ್ತಿಗೆ ಎಲ್ಲರೂ ಒಂದೆಡೆ ಸೇರುವಂತಹ ವಸತಿಗಳನ್ನು ರಚಿಸಬೇಕೆಂಬ ವಿಚಾರವು ಈಚಿನ ವರ್ಷಗಳಲ್ಲಿ ವಾಸ್ತುಶಿಲ್ಪಿಗಳಲ್ಲಿಯೂ ನಗರಯೋಜಕರಲ್ಲಿಯೂ ಬಲಗೊಳ್ಳುತ್ತಲಿದೆ. ಭೂಮಿಯ ಬೆಲೆ ಏರಿದೆ, ಕುಟುಂಬ ಕಿರಿದಾಗಿದೆ, ಮಕ್ಕಳು ದೂರದ ಊರುಗಳಲ್ಲಿರುವ ವೃದ್ಧರು ಒಬ್ಬರಿಗಾಗಿ ಒಲೆ ಹೊತ್ತಿಸುವ ಸ್ಥಿತಿಗೆ ಬಂದಿದ್ದಾರೆ. ಇಂತಹ ಕಾಲದಲ್ಲಿ ಈ ವಿಚಾರವು ಹುಟ್ಟಿದುದು ಸಹಜವೇ ಸರಿ. ಆದರೆ ಇದನ್ನು ನಮ್ಮಲ್ಲಿ ಮಂಡಿಸುವವರು ಬಹುಮಟ್ಟಿಗೆ ಒಂದು ಐತಿಹಾಸಿಕ ಸಮರ್ಥನೆಯನ್ನೂ ಜೊತೆಯಲ್ಲಿ ತರುತ್ತಾರೆ. ನಮ್ಮ ಹಿರಿಯರು ಹೀಗೆಯೇ ಬಾಳಿದ್ದರು, ಅವರ ಮನೆಯ ಮಧ್ಯದಲ್ಲಿ ಕೂಡಿ ಉಣ್ಣುವ ಸ್ಥಳವಿದ್ದಿತು, ನಾವು ಅದನ್ನು ಹೊಸ ಸಾಮಗ್ರಿಯಿಂದ ಮರಳಿ ಕಟ್ಟಿದರೆ ಸಾಕು ಎಂಬುದು ಆ ಸಮರ್ಥನೆಯ ಸಾರ.

ಯೋಜನೆಯ ಗುಣದೋಷಗಳನ್ನು ಹೇಳುವುದು ವಾಸ್ತುಶಾಸ್ತ್ರ ಬಲ್ಲವರ ಕೆಲಸ. ಆದರೆ ಅದಕ್ಕೆ ಆಧಾರವೆಂದು ಮುಂದಿಟ್ಟ ಇತಿಹಾಸವು ನಿಜವೇ ಅಲ್ಲವೇ ಎಂಬುದನ್ನು ಪರೀಕ್ಷಿಸುವುದು ಇತಿಹಾಸದ ಅಭ್ಯಾಸಿಗಳಿಗೆ ಸೇರಿದ ಹೊಣೆ. ಪ್ರಕೃತ ಲೇಖನದಲ್ಲಿ ಈ ಪರೀಕ್ಷೆಯನ್ನು ಉತ್ತರ ಕನ್ನಡದ ಕರಾವಳಿಯ ಮೂರು ತಾಲೂಕುಗಳಿಗೆ, ಎಂದರೆ ಭಟ್ಕಳ, ಹೊನ್ನಾವರ, ಕುಮಟೆಗಳಿಗೆ, ಸೀಮಿತಗೊಳಿಸಲಾಗಿದೆ. ಘಟ್ಟಕ್ಕೂ ಕಡಲಿಗೂ ನಡುವೆ ಇರುವ ಈ ಕಿರಿದಾದ ಪಟ್ಟಿಯಲ್ಲಿ ಒಂದಕ್ಕೊಂದು ತೀರ ಭಿನ್ನವಾದ ವಸತಿಕ್ರಮಗಳು ಅಕ್ಕಪಕ್ಕದಲ್ಲಿಯೇ ಬೆಳೆದಿರುವುದರಿಂದ ತುಲನೆಗೆ ಇದು ಅನುಕೂಲವಾದ ಕ್ಷೇತ್ರವಾಗಿದೆ.

ಆಧಾರಗಳ ಸ್ಥಿತಿ

ಈ ಪ್ರದೇಶದ ಜನಜೀವನದ ವಿಷಯದಲ್ಲಿ ನಾವು ಮೊದಲು ತೆರೆಯುವ ಗ್ರಂಥವು 1883ರಲ್ಲಿ ಜೇಮ್ಸ್ ಕ್ಯಾಂಬೆಲ್ ಅವರ ಸಂಪಾದಕತ್ವದಲ್ಲಿ ಹೊರಬಂದ ಮುಂಬಯಿ ಗ್ಯಾಸೆಟಿಯರಿನ 15ನೆಯ ಸಂಪುಟ. ಉತ್ತರದ ಕೆನರಾ 1862ರಲ್ಲಿ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದುದರಿಂದ ಅದರ ವಿವರಗಳು ಈ ಮಾಲೆಯಲ್ಲಿ ಬಂದಿವೆ. ಎರಡು ಭಾಗಗಳ ಈ ಬೃಹತ್ ಗ್ರಂಥದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಅದರ ಕ್ರಮವೇ ನಮ್ಮ ಪ್ರಶ್ನೆಗೆ ಅಡ್ಡಿಯಾಗಿ ನಿಂತಿದೆ ಎನ್ನಬೇಕಾಗುತ್ತದೆ. ಅಲ್ಲಿ ಜನರನ್ನು ಜಾತಿಜಾತಿಯಾಗಿ ವಿಂಗಡಿಸಿ, ಒಂದೊಂದು ಜಾತಿಯ ಕೆಳಗೆ ಮನೆ, ಆಹಾರ, ಉಡುಪು, ಕಸುಬು, ಆಚಾರ ಎಂದು ಸಾಲಾಗಿ ಹೇಳಿಕೊಂಡು ಹೋಗಲಾಗಿದೆ. ಮನೆಯ ಮಾತು ಒಂದು ಕಡೆ, ಊಟದ ಮಾತು ಮತ್ತೊಂದು ಕಡೆ. ಏನು ಉಣ್ಣುತ್ತಾರೆಂಬುದು ತಿಳಿಯುತ್ತದೆ. ಆದರೆ ಮನೆಯ ಯಾವ ಭಾಗದಲ್ಲಿ ಕುಳಿತು, ಯಾರ ಪಕ್ಕದಲ್ಲಿ, ಯಾರು ಬಡಿಸಿದುದನ್ನು ಉಣ್ಣುತ್ತಾರೆಂಬುದನ್ನು ಹೇಳಲು ಈ ಕ್ರಮದಲ್ಲಿ ಸ್ಥಳವೇ ಇಲ್ಲ. ಪ್ರತಿಯೊಂದು ಜಾತಿಯೂ ತನ್ನ ಪುಟದಲ್ಲಿ ತಾನೇ ಇರುವುದರಿಂದ, ಒಂದು ಮನೆಯ ಅಂಗಳದಲ್ಲಿ ಇನ್ನೊಂದು ಜಾತಿಯವರು ಕುಳಿತು ಉಂಡ ಸಂಗತಿಯು ಎರಡು ಪುಟಗಳ ನಡುವೆ ಬಿದ್ದುಹೋಗುತ್ತದೆ.

ಇದಕ್ಕೆ ಹೋಲಿಸಿದರೆ ಜನಗಣತಿಯವರ ದೃಷ್ಟಿಯು ಸೂಕ್ಷ್ಮವಾದುದೆಂದೇ ಹೇಳಬೇಕು. 1961ರ ಜನಗಣತಿಯು ಕುಟುಂಬವೆಂಬುದನ್ನು ಸೂರಿನಿಂದಲ್ಲ, ರಕ್ತಸಂಬಂಧದಿಂದಲೂ ಅಲ್ಲ, ಒಂದೇ ಅಡುಗೆಯಿಂದ ಉಣ್ಣುವವರ ಗುಂಪು ಎಂಬ ಲಕ್ಷಣದಿಂದ ಗುರುತಿಸಿತು. ಮುಂದಿನ ಗಣತಿಗಳೂ ಇದನ್ನೇ ಉಳಿಸಿಕೊಂಡವು. ನಮ್ಮ ಜನರ ಮಾತಿನಲ್ಲಿ ಈ ಲಕ್ಷಣ ಮೊದಲಿನಿಂದಲೂ ಇದ್ದುದೇ. ಅಣ್ಣತಮ್ಮಂದಿರು ಪಾಲಾದರೆಂಬುದಕ್ಕೆ ಒಲೆ ಬೇರೆಯಾಯಿತು ಎನ್ನುತ್ತಾರೆ. ಸೂರು ಒಂದೇ ಇದ್ದರೂ ಮನೆ ಎರಡಾಯಿತೆಂದೇ ಅರ್ಥ. ಆದುದರಿಂದ ಕೂಡಿ ವಾಸಿಸುವುದು ಬೇರೆ, ಕೂಡಿ ಉಣ್ಣುವುದು ಬೇರೆ ಎಂಬ ವಿವೇಕವು ನಮ್ಮ ಅಭ್ಯಾಸಕ್ಕೆ ಮೊದಲ ಮೆಟ್ಟಲು. ಈ ವಿವೇಕವನ್ನಿಟ್ಟುಕೊಂಡು ಮೂರು ಬಗೆಯ ವಸತಿಗಳನ್ನು ನೋಡೋಣ.

ಕೊಪ್ಪ: ಹಲವು ಒಲೆ, ಒಂದು ಅಂಗಳ

ಕುಮಟೆ, ಹೊನ್ನಾವರಗಳ ಹಳ್ಳಿಗಾಡಿನಲ್ಲಿ ಹಾಲಕ್ಕಿ ಒಕ್ಕಲಿಗರ ವಸತಿಗೆ ಕೊಪ್ಪವೆಂದು ಹೆಸರು. ಗದ್ದೆಯ ಅಂಚಿನಲ್ಲಿಯೋ ಗುಡ್ಡದ ಬುಡದಲ್ಲಿಯೋ ಮನೆಗಳು ಒತ್ತೊತ್ತಾಗಿ ಸೇರಿಕೊಂಡಿರುತ್ತವೆ. ಮಣ್ಣಿನ ಗೋಡೆ, ಹಿಂದೆ ಹುಲ್ಲಿನದು ಈಗ ಹೆಂಚಿನದು ಆದ ಮಾಡು, ಮುಂದೆ ತಗ್ಗಾದ ಜಗಲಿ, ಅದರ ಮುಂದೆ ಸಾರಿಸಿದ ಅಂಗಳ, ಅಂಗಳದಲ್ಲಿ ತುಳಸಿಕಟ್ಟೆ. ಕೊಪ್ಪಕ್ಕೆ ಒಬ್ಬ ಗೌಡ; ಅವನಿಗೆ ಸಲಹೆಗಾರನಾಗಿ ಬುದವಂತ; ಸುದ್ದಿ ಮುಟ್ಟಿಸಲು ಕೋಲಕಾರ. ನ್ಯಾಯತೀರ್ಮಾನಕ್ಕೂ ಮದುವೆಯ ಮಾತಿಗೂ ಸುಗ್ಗಿಯ ಕುಣಿತಕ್ಕೂ ಜನ ಸೇರುವುದು ಅಂಗಳದಲ್ಲಿಯೇ.

ಹೊರಗಿನಿಂದ ನೋಡಿದವರಿಗೆ ಇದು ಒಂದೇ ಮನೆಯಂತೆ ತೋರುವುದುಂಟು. ಆದರೆ ಒಲೆಗಳನ್ನು ಎಣಿಸಿದರೆ ನಿಜಸ್ಥಿತಿ ಗೊತ್ತಾಗುತ್ತದೆ. ದಿನದ ಗಂಜಿ ಪ್ರತಿಯೊಂದು ಮನೆಯಲ್ಲಿಯೂ ಬೇರೆ ಬೇರೆಯಾಗಿಯೇ ಬೇಯುತ್ತದೆ. ಅಂಗಳವು ಹಬ್ಬಕ್ಕೆ, ಮದುವೆಗೆ, ಮರಣದ ನಂತರದ ಊಟಕ್ಕೆ ಮಾತ್ರ ಕೂಡಿ ಉಣ್ಣುವ ಸ್ಥಳವಾಗುತ್ತದೆ. ನೆಟ್ಟಿಯ ಕಾಲದಲ್ಲಿ ಮುಯ್ಯಾಳಾಗಿ ಬಂದವರಿಗೆ ಅಂದಿನ ಗದ್ದೆಯವರು ಅನ್ನ ಹಾಕುವರು. ನಾಳೆ ಸರದಿ ಇನ್ನೊಬ್ಬರದು. ಇಲ್ಲಿಯ ಸಹಭೋಜನವು ಹೀಗೆ ದಿನಚರಿಯಲ್ಲ, ಸರದಿ. ಅದನ್ನು ನಡೆಸುವುದಕ್ಕೆ ಪ್ರತ್ಯೇಕವಾದ ಒಂದು ಊಟದ ಕೋಣೆ ಎಂದೂ ಬೇಕಾಗಲಿಲ್ಲ. ಬೆಳಿಗ್ಗೆ ಬತ್ತ ಒಣಗಿಸಿದ ನೆಲವೇ ಸಂಜೆ ಊಟದ ನೆಲ, ರಾತ್ರಿ ಹಾಡಿನ ನೆಲ.

ಈ ವಸತಿಯನ್ನು ಹೊಗಳುವಾಗ ಒಂದು ಮಾತನ್ನು ಮರೆಯಬಾರದು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಿದು. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಅಂಗಳವು ಕೆಸರಿನ ಮಡುವಾಗಿ, ಜೀವನವೆಲ್ಲ ಜಗಲಿಗೆ ಸರಿದು ಬರುತ್ತದೆ. ತೆರೆದ ಅಂಗಳವೇ ಸಾಮುದಾಯಿಕ ಜೀವನದ ಹೃದಯವೆಂದು ಬಯಲುಸೀಮೆಯ ತೊಟ್ಟಿಮನೆಗಳನ್ನು ನೋಡಿ ಹೇಳಿದ ಮಾತನ್ನು ಇಲ್ಲಿಗೆ ಹಾಗೆಯೇ ತಂದು ಹೊಂದಿಸುವುದು ಸಾಧ್ಯವಿಲ್ಲ.

ಭಟ್ಕಳದ ಕೇರಿ: ಒಂದು ಒಲೆ, ಒಂದು ಹರಿವಾಣ

ಭಟ್ಕಳದ ನವಾಯತರ ಮನೆಯು ಇದಕ್ಕೆ ತಿರುಗುಮುರುಗಾದ ಚಿತ್ರವನ್ನು ಕೊಡುತ್ತದೆ. ಅರಬೀ ಸಮುದ್ರದ ವ್ಯಾಪಾರದಿಂದ ರೂಪುಗೊಂಡ ಈ ಸಮಾಜದ ವಿಷಯವಾಗಿ ವಿಕ್ಟರ್ ಡಿಸೋಜ ಅವರು ಬರೆದ ಗ್ರಂಥವು 1955ರಲ್ಲಿ ಧಾರವಾಡದಿಂದ ಪ್ರಕಟವಾಯಿತು. ಸಂಸ್ಕೃತಿಗಳ ಸಂಪರ್ಕವೇ ಅದರ ಮುಖ್ಯ ಪ್ರಶ್ನೆ. ಅದೇ ಪ್ರಶ್ನೆಯನ್ನು ಮನೆಯ ನೆಲಕ್ಕೆ ಹಚ್ಚಿ ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

1801ರಲ್ಲಿ ಈ ದಾರಿಯಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅವರು ಭಟ್ಕಳದಲ್ಲಿ ಸುಮಾರು 500 ಮನೆಗಳಿದ್ದುವೆಂದೂ, ಇಲ್ಲಿಯ ಮುಸಲ್ಮಾನ ವರ್ತಕರು ಕರಾವಳಿಯ ಬೇರೆ ಬೇರೆ ಸ್ಥಳಗಳಿಗೆ ವ್ಯಾಪಾರಕ್ಕಾಗಿ ಹೋಗುವಾಗ ಸಂಸಾರವನ್ನು ಇಲ್ಲಿಯೇ ಬಿಟ್ಟುಹೋಗುವರೆಂದೂ ಬರೆದಿದ್ದಾರೆ. ಈ ಚಿಕ್ಕ ವಾಕ್ಯದಲ್ಲಿ ಒಂದು ವಸತಿಕ್ರಮದ ಕಾರಣವೇ ಅಡಗಿದೆ. ಮನೆಯು ದೂರದಲ್ಲಿರುವ ಗಂಡಸರ ಹೆಸರಿನದಾದರೂ ದಿನದಿನದ ಬಾಳು ಹೆಂಗಸರದು, ಮಕ್ಕಳದು, ಮುದುಕರದು. ಹಲವು ಸೋದರರ ಸಂಸಾರಗಳು ಒಂದು ಒಲೆಗೆ ಕೂಡಿಕೊಂಡರೆ ಗಂಡಸಿಲ್ಲದ ಮನೆಯ ಹೊಣೆ ಹಗುರಾಗುತ್ತದೆ. ಕಳೆದ ಶತಮಾನದ ಎಪ್ಪತ್ತರ ದಶಕದಿಂದೀಚೆಗೆ ಕೊಲ್ಲಿಯ ದೇಶಗಳಿಗೆ ಹೋದವರ ಮನೆಗಳಲ್ಲಿಯೂ ಇದೇ ಕಾರಣ ಕೆಲಸ ಮಾಡಿರುವುದನ್ನು ಕಾಣಬಹುದು. ಬುಕಾನನ್ನರ ಕಾಲದ ಹಡಗಿನ ಬದಲು ಈಗ ವಿಮಾನ ಬಂದಿದೆಯಷ್ಟೆ.

ಇಲ್ಲಿಯ ಊಟದ ಸಾಮಗ್ರಿಯೂ ಗಮನಾರ್ಹ. ಔತಣಗಳಲ್ಲಿ ನೆಲಕ್ಕೆ ಬಟ್ಟೆ ಹಾಸಿ, ನಡುವೆ ಅಗಲವಾದ ಹರಿವಾಣವನ್ನಿಟ್ಟು, ಸುತ್ತಲೂ ಕೆಲವರು ಕುಳಿತು ಅದರಿಂದಲೇ ಉಣ್ಣುವ ಪದ್ಧತಿ ಇದೆ. ಬಾಳೆಯೆಲೆಯು ಉಣ್ಣುವವರನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಿದರೆ ಹರಿವಾಣವು ಒಂದುಗೂಡಿಸುತ್ತದೆ. ಎಂಜಲೆಂಬ ಭಾವನೆ ಇಲ್ಲದಲ್ಲಿ ಮಾತ್ರ ಇಂತಹ ಊಟ ಸಾಧ್ಯ. ಸ್ಥಳದ ಮಿತವ್ಯಯದ ದೃಷ್ಟಿಯಿಂದಲೂ ಇದಕ್ಕಿಂತ ಬಿಗಿಯಾದ ಏರ್ಪಾಡು ದುರ್ಲಭ: ಸಾಲು ಪಂಕ್ತಿಗೆ ಬೇಕಾಗುವ ಉದ್ದವಾದ ಪಡಸಾಲೆ ಇದಕ್ಕೆ ಬೇಡ; ಊಟ ಮುಗಿದು ಬಟ್ಟೆ ಮಡಿಸಿದೊಡನೆ ಕೋಣೆ ಮತ್ತೆ ಮಲಗುವ ಕೋಣೆಯಾಗುತ್ತದೆ.

ಆದರೆ ಇಲ್ಲಿಯ ಐಕ್ಯಕ್ಕೂ ಎಲ್ಲೆಗಳಿವೆ. ಗಂಡಸರ ಊಟ, ಹೆಂಗಸರ ಊಟ ಬೇರೆ ಬೇರೆ ಕಡೆಗೆ ನಡೆಯುತ್ತವೆ. ಹರಿವಾಣದ ಸುತ್ತ ಯಾರು ಹಿರಿಯರಲ್ಲ ಯಾರು ಕಿರಿಯರಲ್ಲ ಎಂಬುದು ನಿಜ. ಆ ಹರಿವಾಣವನ್ನು ತುಂಬಿದ ಕೈಗಳು ಒಳಗಿನ ಕೋಣೆಯಲ್ಲಿ ಉಳಿದಿರುವುದೂ ಅಷ್ಟೇ ನಿಜ.

ದೊಡ್ಡ ಮನೆ: ಒಂದು ಒಲೆ, ಹಲವು ಪಂಕ್ತಿ

ಮೂರನೆಯದು ತೋಟ ಗದ್ದೆಗಳ ಒಡೆತನವಿದ್ದ ಹವ್ಯಕ, ಸಾರಸ್ವತ ಮೊದಲಾದವರ ದೊಡ್ಡ ಮನೆ. ಕೂಡುಬಾಳಿನ ಆದರ್ಶವೆಂದು ಇಂದು ಚಿತ್ರಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಈ ಮನೆಯೇ. ಅಂಗಳ, ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ, ಹಿತ್ತಲು ಎಂದು ಹೊರಗಿನಿಂದ ಒಳಗೆ ಸಾಗುವ ಈ ಮನೆಯ ವಿನ್ಯಾಸವು ಶುದ್ಧಾಶುದ್ಧಗಳ ಒಂದು ಏಣಿ ಎಂದರೆ ತಪ್ಪಲ್ಲ. ಯಾವ ಮೆಟ್ಟಲಿನವರೆಗೆ ಯಾರು ಬರಬಹುದೆಂಬುದು ಮೊದಲೇ ಗೊತ್ತು. 1623ರಲ್ಲಿ ಹೊನ್ನಾವರದಲ್ಲಿ ತಂಗಿ, ಗೇರುಸೊಪ್ಪೆಯ ಮೂಲಕ ಇಕ್ಕೇರಿಗೆ ಹೋದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಅವರು ಇಲ್ಲಿಯ ಸೆಗಣಿ ಸಾರಿಸಿದ ನೆಲವನ್ನು ಕಂಡು ಬೆರಗಾಗಿ ತಮ್ಮ ಪತ್ರದಲ್ಲಿ ಅದರ ವರ್ಣನೆ ಮಾಡಿದ್ದಾರೆ. ಆ ನೆಲವು ಕೇವಲ ಅಲಂಕಾರವಲ್ಲ. ಮೇಜಿಲ್ಲದ ಮನೆಯಲ್ಲಿ ನೆಲವೇ ಊಟದ ಮೇಜು. ಎಲೆ ತೆಗೆದೊಡನೆ ಸಾರಿಸಿದರೆ ಎಂಜಲು ಹೋಗಿ ಮುಂದಿನ ಪಂಕ್ತಿಗೆ ಅದು ಸಿದ್ಧವಾಗುತ್ತದೆ.

ಈ ಮನೆಯಲ್ಲಿ ಒಂದೇ ಅಡುಗೆಯಿಂದ ನಲವತ್ತು ಎಲೆ ಬಿದ್ದರೂ ನಲವತ್ತು ಜನ ಒಟ್ಟಿಗೆ ಉಂಡರೆಂದು ಹೇಳಲಾಗದು. ಮೊದಲನೆಯ ಪಂಕ್ತಿ ಗಂಡಸರದೂ ಅತಿಥಿಗಳದೂ, ಆಮೇಲೆ ಹೆಂಗಸರು, ಬಡಿಸಿದವಳ ಎಲೆ ಎಲ್ಲಕ್ಕೂ ಕಡೆಯದು. ವಿಧವೆಯ ಊಟದ ಹೊತ್ತೂ ಪದಾರ್ಥವೂ ಬೇರೆ. ಒಕ್ಕಲುಗಳೂ ಕೂಲಿಯವರೂ ಕುಳಿತದ್ದು ಅಂಗಳದಲ್ಲಿ ಅಥವಾ ಕೊಟ್ಟಿಗೆಯ ಬದಿಯಲ್ಲಿ. ಉಂಡ ಸ್ಥಳವನ್ನು ತಾವೇ ಬಳಿದು ಹೋಗಬೇಕು. ಕೊಪ್ಪದಲ್ಲಿ ಸಮಾನತೆಯ ಸ್ಥಳವಾಗಿದ್ದ ಅಂಗಳವೇ ಒಡೆಯನ ಮನೆಯಲ್ಲಿ ಅವಮಾನದ ಸ್ಥಳವಾಯಿತು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅಳತೆ ಒಂದೇ, ನೆಲ ಒಂದೇ, ಬಿಸಿಲು ಒಂದೇ. ಅರ್ಥ ಮಾತ್ರ ವಿರುದ್ಧ.

ಅಂಗಳವಿರುವಲ್ಲಿ ಸಮುದಾಯವಿದೆ ಎಂಬ ತರ್ಕವು ಈ ಒಂದು ಸಂಗತಿಯಿಂದಲೇ ಸಡಿಲುತ್ತದೆ. ನಕ್ಷೆಯನ್ನು ಮಾತ್ರ ಓದುವವರು ಎರಡು ಅಂಗಳಗಳಿಗೂ ಒಂದೇ ಬಣ್ಣ ಹಚ್ಚುತ್ತಾರೆ. ಇತಿಹಾಸಕಾರನು ಎಲೆಯ ಸ್ಥಳವನ್ನು ಕೇಳಬೇಕು. ಈ ಪ್ರಶ್ನೆಗೆ ಉತ್ತರವು ಗ್ಯಾಸೆಟಿಯರಿಗಿಂತ ಹೆಚ್ಚಾಗಿ ಹಾಡು ಕತೆಗಳಲ್ಲಿ ಸಿಗುವ ಸಂಭವವಿದೆ. ಕುಮಟೆಯ ಎಲ್. ಆರ್. ಹೆಗಡೆ, ಹೊನ್ನಾವರದ ಎನ್. ಆರ್. ನಾಯಕ ಇವರು ಸಂಗ್ರಹಿಸಿದ ಜನಪದ ಸಾಹಿತ್ಯದಲ್ಲಿ ಅಟ್ಟವಳ, ಬಡಿಸಿದವಳ, ಹಸಿದು ಕಾದವಳ ದನಿಯಿದೆ. ನಮ್ಮ ವಿದ್ಯಾರ್ಥಿಗಳು ಅದನ್ನು ಸಾಹಿತ್ಯವೆಂದು ಮಾತ್ರವಲ್ಲದೆ ವಸತಿಯ ಇತಿಹಾಸಕ್ಕೆ ಸಾಕ್ಷಿಯೆಂದೂ ಓದುವುದು ಅವಶ್ಯ.

ಗಾಮದೇವಿಯ ಪ್ರಯೋಗ

ಹೊಸ ಕಾಲದ ಇಕ್ಕಟ್ಟಿನ ವಸತಿಯನ್ನು ಈ ಕರಾವಳಿಯ ಜನರು ತಾವೇ ಯೋಚಿಸಿ ಕಟ್ಟಿದ ನಿದರ್ಶನವೊಂದಿದೆ. ಅದು ಕರಾವಳಿಯಲ್ಲಿಲ್ಲ, ಮುಂಬಯಿಯಲ್ಲಿದೆ. ಭಟ್ಕಳ ತಾಲೂಕಿನ ಶಿರಾಲಿಯಲ್ಲಿ ಮಠವುಳ್ಳ ಚಿತ್ರಾಪುರ ಸಾರಸ್ವತರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ವಿದ್ಯೆಗಾಗಿಯೂ ನೌಕರಿಗಾಗಿಯೂ ಮುಂಬಯಿಗೆ ಹೋದರು. ಅಲ್ಲಿ ಬಾಡಿಗೆಯ ಮನೆ ಸಿಗುವುದು ಕಷ್ಟ, ಸಿಕ್ಕರೆ ದರ ಹೆಚ್ಚು. ಈ ಸಮಾಜದ ಶ್ರೀಪಾದ ಸುಬ್ಬರಾವ್ ತಲ್ಮಕಿ ಅವರು 1906ರಲ್ಲಿ ಶಾಮರಾವ್ ವಿಠ್ಠಲರ ಹೆಸರಿನ ಸಹಕಾರಿ ಸಂಘವನ್ನು ಸ್ಥಾಪಿಸಿ ಸಾಲದ ತೊಂದರೆಗೆ ಪರಿಹಾರ ಹುಡುಕಿದ್ದರು. 1915ರಲ್ಲಿ ಅವರ ಮುಂದಾಳುತನದಲ್ಲಿಯೇ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ನೋಂದಣಿಯಾಯಿತು. ಭಾರತದ ಸಹಕಾರಿ ವಸತಿಯ ಮೊದಮೊದಲ ನಿದರ್ಶನಗಳಲ್ಲಿ ಇದೂ ಒಂದು. ಕಟ್ಟಡದ ಒಡೆತನ ಸಂಘದ್ದು. ಸದಸ್ಯನು ಪಾಲು ಹಣ ಕೊಟ್ಟು ಬಾಡಿಗೆಗೆ ಇರುವವನು. ಬಾಡಿಗೆದಾರನೂ ತಾನೇ, ಒಡೆಯನೂ ತಾನೇ.

ಈ ಸಂಘವು ಏನನ್ನು ಹಂಚಿಕೊಂಡಿತು, ಏನನ್ನು ಹಂಚಿಕೊಳ್ಳಲಿಲ್ಲ ಎಂಬುದೇ ನಮಗೆ ಮುಖ್ಯ. ಭೂಮಿ, ಸಾಲ, ಮೆಟ್ಟಲು, ಅಂಗಳ, ಇವೆಲ್ಲ ಕೂಡಿಕೊಂಡವು. ಒಲೆ ಕೂಡಲಿಲ್ಲ. ಪ್ರತಿ ಸಂಸಾರಕ್ಕೂ ತನ್ನದೇ ಅಡುಗೆಮನೆ. ಮುಂಬಯಿಗೆ ಒಂಟಿಯಾಗಿ ಬಂದ ತರುಣರು ಖಾನಾವಳಿಯಲ್ಲಿ ಪರಸ್ಥಳದವರೊಡನೆ ಉಂಡರೂ, ಸಂಸಾರ ಬಂದೊಡನೆ ತಮ್ಮ ಒಲೆಗೆ ಮರಳಿದರು. ಎಂದರೆ ನಗರದ ಇಕ್ಕಟ್ಟಿನಲ್ಲಿಯೂ ಈ ಜನರು ಮರಳಿ ಕಟ್ಟಿದುದು ಒಂದು ಒಲೆಯ ದೊಡ್ಡ ಮನೆಯನ್ನಲ್ಲ. ಹಲವು ಒಲೆಗಳಿಗೆ ಒಂದು ಅಂಗಳವಿರುವ ವಸತಿಯನ್ನು, ರಚನೆಯಲ್ಲಿ ಕೊಪ್ಪಕ್ಕೆ ಹತ್ತಿರವಾದುದನ್ನು.

ಈ ಘಟನೆಯ ಪಕ್ಕದಲ್ಲಿ ಮತ್ತೊಂದನ್ನಿಟ್ಟು ನೋಡಬೇಕು. ಅದೇ ಸಮಾಜದ, 1855ರಲ್ಲಿ ಹೊನ್ನಾವರದಲ್ಲಿ ಜನಿಸಿದ ನಾರಾಯಣ ಗಣೇಶ ಚಂದಾವರಕರ ಅವರು ಪ್ರಾರ್ಥನಾ ಸಮಾಜದ ಮುಂದಾಳು, 1900ರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು. ಅವರು ನೇತೃತ್ವ ವಹಿಸಿದ್ದ ಆರ್ಯ ಭ್ರಾತೃಮಂಡಲವು 1912ರಲ್ಲಿ ಮುಂಬಯಿಯಲ್ಲಿ ಬೇರೆ ಬೇರೆ ಜಾತಿಯವರ ಸಹಭೋಜನವನ್ನು ಏರ್ಪಡಿಸಿದಾಗ ಪಾಲ್ಗೊಂಡವರು ತಮ್ಮ ತಮ್ಮ ಜಾತಿಗಳ ಕೋಪಕ್ಕೆ ಗುರಿಯಾದರು. ಮೂರು ವರ್ಷಗಳ ಅಂತರದಲ್ಲಿ ಒಂದೇ ನಗರದಲ್ಲಿ ಒಂದೇ ಕರಾವಳಿಯ ಸಮಾಜದ ಇಬ್ಬರು ಹಿರಿಯರು ಎರಡು ಪ್ರಯೋಗಗಳಿಗೆ ಕೈಹಾಕಿದರು. ತಲ್ಮಕಿಯವರದು ಸೂರಿನ ಪ್ರಯೋಗ. ಚಂದಾವರಕರರದು ಎಲೆಯ ಪ್ರಯೋಗ. ಸೂರಿನದು ನಿಂತಿತು, ಬೆಳೆಯಿತು, ಅನುಕರಣೆಗೆ ಪಾತ್ರವಾಯಿತು. ಎಲೆಯದು ಒಂದು ಸಂಜೆಯ ಸಾಹಸವಾಗಿ ಉಳಿಯಿತು. ಸೂರಿನ ಪ್ರಯೋಗವು ಜಾತಿಯ ಎಲ್ಲೆಯೊಳಗೇ ನಡೆದುದು ಅದರ ಯಶಸ್ಸಿಗೆ ಒಂದು ಕಾರಣವೆಂಬುದನ್ನು ಸಹಕಾರ ಚಳವಳಿಯ ಅಭಿಮಾನಿಗಳು ಸಾಕಷ್ಟು ಒತ್ತಿ ಹೇಳಿಲ್ಲ. ಪರಸ್ಪರ ವಿಶ್ವಾಸವಿದ್ದಲ್ಲಿ ಸಾಲ ಸುಲಭ; ಆ ವಿಶ್ವಾಸವು ಅಂದು ಒಂದೇ ಪಂಕ್ತಿಯಲ್ಲಿ ಉಣ್ಣಬಲ್ಲವರಲ್ಲಿ ಮಾತ್ರ ಇದ್ದಿತು. ತಲ್ಮಕಿಯವರ ಸಾಧನೆಯನ್ನು ಇದು ಕುಗ್ಗಿಸುವುದಿಲ್ಲ; ಅದರ ಸ್ವರೂಪವನ್ನು ತಿಳಿಸುತ್ತದೆ.

ಹೊರದೇಶಗಳ ನಿದರ್ಶನ

ಒಲೆಯನ್ನೇ ತೆಗೆದುಹಾಕಿದ ವಸತಿಗಳನ್ನು ಯುರೋಪಿನವರು ಕಟ್ಟಿ ನೋಡಿದ್ದಾರೆ. ಮಾಸ್ಕೋದಲ್ಲಿ ಗಿನ್ಸ್‌ಬರ್ಗ್ ಮತ್ತು ಮಿಲಿನಿಸ್ ಅವರು 1928ರಿಂದ 1930ರ ಅವಧಿಯಲ್ಲಿ ಕಟ್ಟಿದ ನಾರ್ಕೊಮ್‌ಫಿನ್ ವಸತಿಯಲ್ಲಿ ಕೆಲವು ಮನೆಗಳಿಗೆ ಅಡುಗೆಯ ಗೂಡು ಮಾತ್ರ ಇದ್ದು, ಊಟಕ್ಕೆ ಪ್ರತ್ಯೇಕ ಸಾಮುದಾಯಿಕ ಕಟ್ಟಡವಿದ್ದಿತು. ಆ ಸಾಮುದಾಯಿಕ ಊಟವು ಬಹುಕಾಲ ನಡೆಯಲಿಲ್ಲ. 1935ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ವೆನ್ ಮಾರ್ಕೆಲ್ಯೂಸ್ ಅವರು ಆಲ್ವ ಮೀರ್ಡಾಲ್ ಅವರ ವಿಚಾರದಂತೆ ಕಟ್ಟಿದ ವಸತಿಯಲ್ಲಿ ಕೆಳಗಿನ ಉಪಾಹಾರಗೃಹದಿಂದ ಊಟವು ಚಿಕ್ಕ ಎತ್ತುಯಂತ್ರದ ಮೂಲಕ ಮೇಲಿನ ಮನೆಗಳಿಗೆ ಹೋಗುತ್ತಿತ್ತು. ದುಡಿಯುವ ಸ್ತ್ರೀಯರನ್ನು ಒಲೆಯಿಂದ ಬಿಡಿಸಬೇಕೆಂಬ ಉದ್ದೇಶ ಮೆಚ್ಚತಕ್ಕದ್ದು. ಆದರೆ ಅಲ್ಲಿ ಅಟ್ಟವರು ಸಂಬಳದವರು. ಸಂಬಳದ ವೆಚ್ಚ ಏರಿದಂತೆ ಉಪಾಹಾರಗೃಹ ಉಳಿಯಲಿಲ್ಲ.

ಇದಕ್ಕೆ ಭಿನ್ನವಾಗಿ ಡೆನ್ಮಾರ್ಕಿನ ಸೆಟ್ಟೆಡಾಮೆನ್ ಎಂಬಲ್ಲಿ 1972ರಲ್ಲಿ 27 ಕುಟುಂಬಗಳು ಸೇರಿ ಕಟ್ಟಿಕೊಂಡ ವಸತಿಯಲ್ಲಿ ಪ್ರತಿಯೊಂದು ಮನೆಗೂ ತನ್ನ ಅಡುಗೆಮನೆಯಿದೆ; ಜೊತೆಗೆ ಕೂಡಿ ಉಣ್ಣುವ ಮನೆಯೊಂದಿದೆ. ಅಡುಗೆಯು ಸದಸ್ಯರ ಸರದಿಯಿಂದ ನಡೆಯುತ್ತದೆ. ಈ ಮಾದರಿಯೇ ಇಂದು ಹಲವು ದೇಶಗಳಲ್ಲಿ ಹರಡಿದೆ. ಎರಡು ಮೂರು ನಿದರ್ಶನಗಳಿಂದ ನಿಯಮವೊಂದನ್ನು ಸ್ಥಾಪಿಸುವುದು ಸಾಹಸವಾದೀತು. ಆದರೂ ಒಲೆಯನ್ನು ಉಳಿಸಿ ಸರದಿಯನ್ನು ಸೇರಿಸಿದ್ದು ಬಾಳಿತು, ಒಲೆಯನ್ನು ಕಿತ್ತು ಸಂಬಳವನ್ನು ಸೇರಿಸಿದ್ದು ಬಾಳಲಿಲ್ಲ ಎಂಬ ಅಂಶವು ಕೊಪ್ಪದ ಮುಯ್ಯಾಳಿನ ಊಟವನ್ನು ಬಲ್ಲವರಿಗೆ ಅಪರಿಚಿತವಾಗಿ ತೋರಲಾರದು.

ಇಂದಿನ ಮನೆ, ಇಂದಿನ ಕಾನೂನು

ಈ ಚರ್ಚೆಯು ಕೇವಲ ಹಳೆಯದರ ಕುತೂಹಲವಲ್ಲ. 1974ರ ತಿದ್ದುಪಡಿಯಿಂದ ಬಲಗೊಂಡ ಕರ್ನಾಟಕ ಭೂಸುಧಾರಣಾ ಶಾಸನವು ಆ ವರ್ಷದ ಮಾರ್ಚ್ 1ರಿಂದ ಗೇಣಿ ಭೂಮಿಯನ್ನು ಸರಕಾರದ ವಶಕ್ಕೆ ತೆಗೆದುಕೊಂಡು ಒಕ್ಕಲುಗಳನ್ನು ಒಡೆಯರನ್ನಾಗಿ ಮಾಡಿತು. ಒಡೆಯನ ಅಂಗಳದಲ್ಲಿ ಕುಳಿತು ಉಣ್ಣುವ ಅನಿವಾರ್ಯತೆ ತಪ್ಪಿದುದು ಈ ಕರಾವಳಿಯ ಸಾಮಾಜಿಕ ಇತಿಹಾಸದಲ್ಲಿ ದೊಡ್ಡ ಘಟನೆ. ಯಾವ ವಾಸ್ತುಶಿಲ್ಪಿಯೂ ನಕ್ಷೆ ತಿದ್ದಿ ಸಾಧಿಸಲಾರದುದನ್ನು ಒಂದು ಶಾಸನ ಸಾಧಿಸಿತು. ಆದರೆ ಭೂದಾಖಲೆಗಳು ವ್ಯಕ್ತಿಯ ಹೆಸರನ್ನು ಬಲ್ಲವೇ ಹೊರತು ಕೊಪ್ಪವನ್ನಲ್ಲ. ಕೂಡಿದ ಅಂಗಳವು ಒಬ್ಬನ ಹೆಸರಿಗೆ, ಇಲ್ಲವೇ ಕೆಲವರ ಜಂಟಿ ಹೆಸರಿಗೆ, ಇಲ್ಲವೇ ಖರಾಬಿನ ಲೆಕ್ಕಕ್ಕೆ ಸೇರಬೇಕು. ಹೆಸರಿದ್ದವನು ಬೇಲಿ ಹಾಕಿದ ದಿನ ಅಂಗಳ ಮುಗಿಯಿತು.

ಸರಕಾರದ ವಸತಿ ಯೋಜನೆಗಳೂ ಇದೇ ದಾರಿಯಲ್ಲಿವೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯು ಮನೆಯ ಕನಿಷ್ಠ ವಿಸ್ತೀರ್ಣವನ್ನು 20ರಿಂದ 25 ಚದರ ಮೀಟರಿಗೆ ಏರಿಸಿ, ಅದರಲ್ಲಿ ಶುಚಿಯಾದ ಅಡುಗೆಯ ಸ್ಥಳವೂ ಇರಬೇಕೆಂದು ವಿಧಿಸಿತು. ಒಲೆಗೆ ಕೊಟ್ಟ ಈ ಗೌರವ ಯುಕ್ತವಾದುದೇ. ಆದರೆ ಮನೆ ಮನೆಗಳ ನಡುವಣ ನೆಲದ ವಿಷಯದಲ್ಲಿ ಲೆಕ್ಕವು ಮೌನವಾಗಿದೆ. 25 ಚದರ ಮೀಟರಿನ ಒಳಗೆ ಮದುವೆಯ ಪಂಕ್ತಿ ಕೂಡಲಾರದು. ಅದಕ್ಕೆ ಬೇಕಾದುದು ಇನ್ನೂ ಐದು ಚದರ ಮೀಟರಲ್ಲ, ಹತ್ತು ಮನೆಗಳಿಗೆ ಒಂದು ಮಾಡು ಹೊದಿಸಿದ ಅಂಗಳ. ಗೋಡೆಯಿಲ್ಲದ, ಎತ್ತರದ ಹೆಂಚಿನ ಮಾಡು ಇದ್ದರೆ ಮಳೆಗಾಲದ ತೊಡಕೂ ನಿವಾರಣೆಯಾಗುತ್ತದೆ.

ಇನ್ನೊಂದು ಅಪಾಯವಿದೆ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗುಜರಾತಿನ ಪಾರ್ಸಿ ಗೃಹನಿರ್ಮಾಣ ಸಂಘವೊಂದರ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಮೀಸಲಿಡುವ ಉಪನಿಯಮವನ್ನು ಎತ್ತಿಹಿಡಿಯಿತು. ಚಿಕ್ಕ ಸಮುದಾಯದ ರಕ್ಷಣೆಯ ದೃಷ್ಟಿಯಿಂದ ಆ ತೀರ್ಪನ್ನು ಸಮರ್ಥಿಸುವವರಿದ್ದಾರೆ. ಆದರೆ ಕೂಡಿ ಉಣ್ಣುವ ವಸತಿ ಎಂಬ ಸುಂದರವಾದ ಹೆಸರಿನ ಹಿಂದೆ ನಮ್ಮೊಡನೆ ಉಣ್ಣತಕ್ಕವರು ಮಾತ್ರ ಬರಲಿ ಎಂಬ ಬಾಗಿಲು ಸುಲಭವಾಗಿ ಅಡಗಿಕೊಳ್ಳಬಲ್ಲದು. ಇಂತಹ ಆಹಾರ ಉಣ್ಣುವವರಿಗೆ ಮಾತ್ರ ಎಂಬ ನಿಯಮವು ನಗರಗಳ ಬಾಡಿಗೆಯ ಮನೆಗಳಲ್ಲಿ ಈಗಾಗಲೇ ಪರಿಚಿತವಾಗಿದೆ. ಮೀನು, ಅನ್ನ ಎರಡೂ ಜನರ ದಿನದ ಆಹಾರವಾಗಿರುವ ಈ ಕರಾವಳಿಯಲ್ಲಿ ಒಂದು ಒಲೆ ಎಂಬುದು ಯಾರ ಒಲೆ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರದು.

ಸಮಾರೋಪ

ಮೇಲಿನ ಪರೀಕ್ಷೆಯಿಂದ ಹೊರಡುವ ತೀರ್ಮಾನ ಇಷ್ಟು. ನಿತ್ಯವೂ ಸರ್ವರೂ ಸಮಾನವಾಗಿ ಕೂಡಿ ಉಂಡ ಮನೆಯೊಂದು ಈ ಮೂರು ತಾಲೂಕುಗಳ ಇತಿಹಾಸದಲ್ಲಿ ಇದ್ದಿತೆಂಬುದಕ್ಕೆ ಆಧಾರ ಸಾಲದು. ಒಲೆ ಒಂದಾದಲ್ಲಿ ಪಂಕ್ತಿ ಹಲವಾದವು. ಹರಿವಾಣ ಒಂದಾದಲ್ಲಿ ಕೋಣೆ ಎರಡಾದವು. ಪಂಕ್ತಿ ಒಂದಾದ ಕೊಪ್ಪದಲ್ಲಿ ಒಲೆಗಳು ಹಲವು. ಆದುದರಿಂದ ಊಟದ ಕೋಣೆಯೊಂದನ್ನು ಕಟ್ಟಿ ಅದಕ್ಕೆ ಪರಂಪರೆಯೆಂದು ಹೆಸರಿಡುವುದು ಇತಿಹಾಸವನ್ನು ಅಲಂಕಾರವಾಗಿ ಬಳಸಿದಂತಾಗುತ್ತದೆ.

ಹಾಗೆಂದು ಇತಿಹಾಸದಿಂದ ಕಲಿಯತಕ್ಕದ್ದೇನೂ ಇಲ್ಲವೆಂದಲ್ಲ. ಯಾವ ಕೂಡುವಸತಿಯ ನಕ್ಷೆಯನ್ನು ನೋಡುವಾಗಲೂ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಅದು ನಮಗೆ ಕಲಿಸುತ್ತದೆ. ಒಲೆಯ ಮುಂದೆ ನಿಲ್ಲುವವರು ಯಾರು, ಮತ್ತು ಅವರ ಸರದಿ ಮುಗಿಯುವುದು ಯಾವಾಗ? ಅವರ ಎಲೆ ಎಲ್ಲಿ ಬೀಳುತ್ತದೆ? ಅಂಗಳವು ಯಾರ ಹೆಸರಿನಲ್ಲಿದೆ? ಮೊದಲನೆಯದು ದುಡಿಮೆಯ ಪ್ರಶ್ನೆ, ಎರಡನೆಯದು ಮಾನದ ಪ್ರಶ್ನೆ, ಮೂರನೆಯದು ಒಡೆತನದ ಪ್ರಶ್ನೆ. ಈ ಮೂರಕ್ಕೂ ನೇರವಾದ ಉತ್ತರವಿರುವ ವಸತಿಯು ಎಷ್ಟು ಇಕ್ಕಟ್ಟಾಗಿದ್ದರೂ ಬಾಳೀತು. ಉತ್ತರವಿಲ್ಲದುದಕ್ಕೆ ಎಷ್ಟು ವಿಶಾಲವಾದ ಊಟದ ಶಾಲೆಯನ್ನು ಕಟ್ಟಿದರೂ, ಕೆಲವು ವರ್ಷಗಳಲ್ಲಿ ಅದು ಮುರಿದ ಕುರ್ಚಿಗಳನ್ನು ತುಂಬುವ ಉಗ್ರಾಣವಾಗುವುದು ಅಸಂಭವವಲ್ಲ.

ಈ ದೃಷ್ಟಿಯಿಂದ ಮೂರು ತಾಲೂಕುಗಳಲ್ಲಿ ಉಳಿದಿರುವ ಕೊಪ್ಪಗಳ, ಕೇರಿಗಳ, ದೊಡ್ಡ ಮನೆಗಳ ನಕ್ಷೆಗಳನ್ನು ಬರೆದುಕೊಳ್ಳುವ ಕೆಲಸವನ್ನು ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಕೈಗೊಳ್ಳಬೇಕು. ಗೋಡೆಯ ಅಳತೆಯ ಜೊತೆಗೆ ಎಲೆಯ ಸ್ಥಳವನ್ನೂ ಗುರುತು ಹಾಕಿಕೊಳ್ಳಬೇಕು. ಆ ಸ್ಥಳವನ್ನು ಬೆರಳಿಟ್ಟು ತೋರಿಸಬಲ್ಲ ಹಿರಿಯ ಹೆಂಗಸರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ಬರೆದುಕೊಳ್ಳುವುದಕ್ಕೆ ಉಳಿದಿರುವ ಅವಧಿ ಮಾತ್ರ ಹೆಚ್ಚಿಲ್ಲ.